ಸೋಲುವ ಕಾರ್ಡಿನ ಬೆಲೆ

ಟ್ರಂಪ್ ಕಾರ್ಡಿನ ಆಟದಲ್ಲಿ ಗವಾಸ್ಕರ್ ಕೈಗೆ ಬಂದವನು ಮಾಡಬಾರದ ಕೆಲಸ ಒಂದೇ, ‘ವಿಕೆಟ್’ ಅಂತ ಕೇಳುವುದು. 125 ಟೆಸ್ಟು, 10,122 ರನ್ನು, 34 ಸೆಂಚುರಿ, 108 ಕ್ಯಾಚು ಇರುವ ಮಹಾನುಭಾವನ ವಿಕೆಟ್ ಸಾಲಿನಲ್ಲಿ ಇರುವುದು ಒಂಟಿ 1. ಸರದಿ ಎದುರಿನವನದಾಗಿದ್ದು ಅವನು ‘ವಿಕೆಟ್’ ಅಂದನೋ, ಮುಗಿಯಿತು, ಗವಾಸ್ಕರ್ ಹೋಗಿ ಅವನ ಕಟ್ಟಿನ ಅಡಿಗೆ ಸೇರಿದ. ನಮ್ಮ ವಿಶ್ವನಾಥರದೂ ಅದೇ ಗತಿ. 91 ಟೆಸ್ಟು, 6,080 ರನ್ನು, ವಿಕೆಟ್ ಒಂದು. ಭಾವ ಭಾವಮೈದುನ ಇಬ್ಬರೂ ತಲಾ ಒಂದೊಂದೇ ವಿಕೆಟ್ ಹಂಚಿಕೊಂಡು ನಿವೃತ್ತರಾದದ್ದು ಯಾವ ಕ್ರಿಕೆಟ್ ಪುಸ್ತಕ ಓದಿಯೂ ನನಗೆ ಗೊತ್ತಾದದ್ದಲ್ಲ. ಕಾರ್ಡು ಕಳೆದುಕೊಂಡು ಗೊತ್ತಾದದ್ದು.

ಹಳೇ ಸ್ಪಿನ್ನರುಗಳನ್ನೂ ಸೇರಿಸಿದ ಕಟ್ಟಾದರೆ ಚಂದ್ರಶೇಖರ್ ಸಿಗುತ್ತಾರೆ. 58 ಟೆಸ್ಟು, 242 ವಿಕೆಟ್ಟು, 167 ರನ್ನು. ಇಡೀ ಜೀವಮಾನದಲ್ಲಿ ಹೊಡೆದ ರನ್ನಿಗಿಂತ ಕೆಡವಿದ ವಿಕೆಟ್ಟೇ ಹೆಚ್ಚು. ಆ ಕಾರ್ಡು ಹಿಡಿದವನ ಮುಖದಲ್ಲಿ ಒಂದು ಕಳ್ಳನಗೆ ಬರುತ್ತಿತ್ತು, ಸರದಿ ತನ್ನದಾಗಿದ್ದರೆ. ಎದುರಿನವನದಾಗಿದ್ದರೆ ಅದೇ ಮುಖ ಸಪ್ಪಗೆ. ಒಂದೇ ಕಾರ್ಡು ರಾಜನೂ ಹೌದು, ತಿರುಕನೂ ಹೌದು, ಕೇಳುವವನು ಯಾರು ಅನ್ನುವುದರ ಮೇಲೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ಮಧುಗಿರಿಯಲ್ಲಿ ಬೇಸಿಗೆ ರಜೆಯ ಮಧ್ಯಾಹ್ನ ಹೊರಗೆ ಆಡುವ ಮಾತೇ ಇಲ್ಲ. ಏಕಶಿಲೆಯ ಬೆಟ್ಟ ಹಗಲೆಲ್ಲ ಕಾದು, ಹೊತ್ತು ಮುಳುಗಿದ ಮೇಲೂ ಊರಿನ ಮೇಲೆ ಝಳ ಬಿಡುತ್ತಿರುತ್ತದೆ. ಬೆಳಿಗ್ಗೆ ಹತ್ತಕ್ಕೆ ಬ್ಯಾಟು ಒಳಗೆ ಹೋದರೆ ಹೊರಗೆ ಬರುವುದು ಸಂಜೆ ಐದಕ್ಕೆ. ನಡುವಿನ ಹೊತ್ತೆಲ್ಲ ಪಡಸಾಲೆಯ ಕೆಂಪು ನೆಲದ ಮೇಲೆ ಅಂಗಾತ, ಬೋರಲು, ಚಕ್ಕಳಮಕ್ಕಳ. ಶಿರಾ, ಕೊರಟಗೆರೆ, ಪಾವಗಡದ ಮನೆಗಳಲ್ಲೂ ಇದೇ ನೋಟ. ಅಜ್ಜಿ ಮಲಗಿದ್ದಾಳೆ, ಗಲಾಟೆ ಮಾಡುವ ಹಾಗಿಲ್ಲ. ಹೀಗಾಗಿ ಕ್ರಿಕೆಟ್ಟು ಪಿಸುಮಾತಿಗೆ ಇಳಿಯುತ್ತಿತ್ತು. ‘ರನ್ಸು?’ ‘ಎಂಟು ಸಾವಿರದ ಐನೂರ ನಲವತ್ತು.’ ‘ಥೂ, ರಿಚರ್ಡ್ಸಾ?’ ಅಷ್ಟೇ ಸದ್ದು.

ಆಟ ಗೊತ್ತಿಲ್ಲದವರಿಗೆ ಎರಡೇ ಮಾತು. ಕಟ್ಟನ್ನು ಸಮನಾಗಿ ಹಂಚುವುದು. ಮೇಲಿನ ಕಾರ್ಡು ಮಾತ್ರ ನೋಡಿಕೊಳ್ಳುವುದು. ಸರದಿ ಇರುವವನು ಅದರಲ್ಲಿನ ಒಂದು ಸಾಲನ್ನು ಕೇಳುತ್ತಾನೆ: ಮ್ಯಾಚು, ರನ್ನು, ಹೈಯೆಸ್ಟು, ಸೆಂಚುರಿ, ವಿಕೆಟ್ಟು, ಬೆಸ್ಟ್ ಬೌಲಿಂಗು, ಕ್ಯಾಚು. ಯಾರ ಅಂಕಿ ದೊಡ್ಡದೋ ಎರಡೂ ಕಾರ್ಡು ಅವನಿಗೆ. ಸಮಸಮ ಬಂದರೆ ನಡುವೆ ಇಟ್ಟು, ಮುಂದಿನ ಕೈ ಗೆದ್ದವನು ಎಲ್ಲ ಬಾಚಿಕೊಳ್ಳುತ್ತಾನೆ.

ಈ ಆಟದಲ್ಲಿ ಅತ್ಯಂತ ದರಿದ್ರ ಕಾರ್ಡು ಯಾವುದು? ಹೊಸಬನದು. ನಿನ್ನೆ ಮೊನ್ನೆ ತಂಡಕ್ಕೆ ಬಂದವನ ಹತ್ತಿರ ಮ್ಯಾಚೂ ಇಲ್ಲ, ರನ್ನೂ ಇಲ್ಲ, ಕ್ಯಾಚೂ ಇಲ್ಲ. ಏನು ಕೇಳಿದರೂ ಸೋಲು. ಸಚಿನ್ ತೆಂಡೂಲ್ಕರ್ ಮೇಲೆ ಬಂದರೆ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದ ಕಾಲ ಒಂದಿತ್ತು ಅಂದರೆ ಇವತ್ತಿನ ಹುಡುಗರು ನಂಬುವುದಿಲ್ಲ. ಹುಡುಗ ಚೆನ್ನಾಗಿ ಆಡುತ್ತಾನೆ, ಸರಿ. ಟೀವಿಯಲ್ಲಿ ಅವನು ಔಟಾದರೆ ಸೆಟ್ಟು ಆರಿಸುತ್ತೇವೆ, ಅದೂ ಸರಿ. ಆದರೆ ಕಾರ್ಡಿನಲ್ಲಿ? ‘ಲೋ, ಸಚಿನ್ ಬಂದ್ಬಿಟ್ಟ ಕಣೋ’ ಅನ್ನುವುದು ಶೋಕದ ಮಾತು.

ಭೂಮಿಯ ಆ ಕಡೆ, ಅದೇ ವರ್ಷಗಳಲ್ಲಿ, ಲೆಕ್ಕ ತಲೆಕೆಳಗು. ಅಮೆರಿಕದ ಬೇಸ್‌ಬಾಲ್ ಕಾರ್ಡಿನ ಲೋಕದಲ್ಲಿ ಎಲ್ಲಕ್ಕಿಂತ ಮೇಲೆ ಕೂರುವುದೇ ‘ರೂಕಿ’ ಕಾರ್ಡು, ಅಂದರೆ ಆಟಗಾರನ ಮೊದಲ ವರ್ಷದ್ದು. ಕೆನ್ ಗ್ರಿಫಿ ಜೂನಿಯರ್ ಅನ್ನುವವನು ಸಿಯಾಟಲ್ ತಂಡಕ್ಕೆ ಇಳಿದದ್ದು 1989ರ ಏಪ್ರಿಲ್‌ನಲ್ಲಿ, ಹತ್ತೊಂಬತ್ತರ ಹರೆಯದಲ್ಲಿ. ಅಪ್ಪರ್ ಡೆಕ್ ಎಂಬ ಹೊಸ ಕಂಪನಿ ಅದೇ ವರ್ಷ ತನ್ನ ಮೊಟ್ಟಮೊದಲ ಸರಣಿ ತಂದು, ಅದರ ಒಂದನೇ ನಂಬರಿನ ಕಾರ್ಡಿಗೆ ಈ ಹುಡುಗನ ಮುಖ ಹಾಕಿತು. ಅದು ಆ ಕಾಲದ ದೇವರ ಪಟವಾಯಿತು. ಅದೇ 1989ರ ನವೆಂಬರ್ 15ಕ್ಕೆ ಕರಾಚಿಯಲ್ಲಿ ಹದಿನಾರರ ಸಚಿನ್ ಇಳಿದ, 15 ರನ್ ಹೊಡೆದು ವಕಾರ್ ಯೂನಿಸ್‌ಗೆ ಬೌಲ್ಡ್ ಆದ. ವಕಾರ್‌ಗೂ ಅದೇ ಮೊದಲ ಟೆಸ್ಟು. ಅಲ್ಲಿನ ಹುಡುಗ ಗ್ರಿಫಿಯನ್ನು ಪ್ಲಾಸ್ಟಿಕ್ ಕವಚದಲ್ಲಿಟ್ಟ. ಇಲ್ಲಿನ ಹುಡುಗ ಸಚಿನ್ನನ್ನು ಯಾವಾಗ ಸಾಗಹಾಕುತ್ತೇನೋ ಅಂತ ಕಾದ.

ಇನ್ನೂ ಒಂದು ತಮಾಷೆ. ಟಾಪ್ಸ್ ಅನ್ನುವ ಹಳೇ ಕಂಪನಿ ಬೇಸ್‌ಬಾಲ್ ಕಾರ್ಡಿನ ಪೊಟ್ಟಣದೊಳಗೆ ದಶಕಗಳಿಂದ ಒಂದು ಬಬಲ್ ಗಮ್ ಪಟ್ಟಿ ಇಡುತ್ತಿತ್ತು. ಗಮ್ಮಿನ ಕಲೆ ತಾಗಿ ಕಾರ್ಡು ಹಾಳಾಗುತ್ತದೆ ಅನ್ನುವ ದೂರು ಬೆಳೆದು 1992ರಲ್ಲಿ ಗಮ್ಮನ್ನೇ ತೆಗೆದರು. ಕಾರ್ಡಿಗಾಗಿ ಗಮ್ಮು ಮನೆ ಬಿಟ್ಟಿತು. ನಮ್ಮಲ್ಲಿ ಆ ಹೊತ್ತಿಗೆ ಗಮ್ಮಿನ ಬೆನ್ನೇರಿಯೇ ಕ್ರಿಕೆಟಿಗರು ಊರಿಗೆ ಬರುತ್ತಿದ್ದರು. ‘ಬಿಗ್ ಫನ್’ ಬಬಲ್ ಗಮ್ಮಿನ ಜೊತೆ ಸಿಗುತ್ತಿದ್ದ ಪುಟಾಣಿ ಫೋಟೋಗಳು ನೆನಪಿರುವವರು ಈಗ ನಲವತ್ತು ದಾಟಿದ್ದಾರೆ. ಒಂದೊಂದರ ಮೇಲೂ ಇಷ್ಟು ರನ್ನು, ಇಲ್ಲವೇ ವಿಕೆಟ್ಟು. ಹೇಳಿದಷ್ಟು ಕೂಡಿಸಿ ಕೊಟ್ಟರೆ ಬಹುಮಾನ. ಬಹುಮಾನದಲ್ಲಿ ನನಗೆ ಇಂದಿಗೂ ಆಸೆ ಹುಟ್ಟಿಸುವುದು ಅಂಗೈಯಗಲದ ಕಿರುಪುಸ್ತಕ. ಹೆಬ್ಬೆರಳು ಒತ್ತಿ ಹಾಳೆಗಳನ್ನು ಸರ್ರನೆ ಬಿಟ್ಟರೆ ಒಳಗಿನ ಆಟಗಾರ ಓಡುತ್ತಾನೆ, ಕೈ ಬೀಸುತ್ತಾನೆ. ವಿಡಿಯೋ ಇಲ್ಲದ ಮನೆಯಲ್ಲಿ ಅದೇ ಆ್ಯಕ್ಷನ್ ರಿಪ್ಲೇ.

ಇದರ ಪರಿಣಾಮ ನೋಡಿ. ಬಹುಮಾನ ಬೇಕಾದರೆ ಫೋಟೋ ವಾಪಸ್ ಕೊಡಬೇಕು. ಹಟ ಹಿಡಿದು ಹೆಚ್ಚು ಹೆಚ್ಚು ಕೂಡಿಸಿದ ಹುಡುಗ ಎಲ್ಲವನ್ನೂ ಒಪ್ಪಿಸಿ ಬರಿಗೈಯಾದ. ಇವತ್ತು ಯಾರ ಹಳೇ ಪೆಟ್ಟಿಗೆಯಲ್ಲಾದರೂ ಆ ಫೋಟೋಗಳು ಉಳಿದಿದ್ದರೆ ಅವರು ಅರ್ಧಕ್ಕೇ ಬೇಸರ ಬಂದು ಕೈಬಿಟ್ಟವರು. ಸಂಗ್ರಹ ಉಳಿಸಿಕೊಂಡದ್ದು ಸೋಮಾರಿಗಳು! ಅಮೆರಿಕದಲ್ಲಿ ಆದದ್ದು ಇದಕ್ಕೆ ಪೂರಾ ವಿರುದ್ಧ. ಅಲ್ಲಿ ಎಲ್ಲರೂ ಜಾಣರಾದರು. ಹಳೇ ಕಾರ್ಡುಗಳಿಗೆ ಮನೆ ಕಟ್ಟುವಷ್ಟು ದುಡ್ಡು ಬರುತ್ತದೆ ಅನ್ನುವ ಸುದ್ದಿ ಕೇಳಿ, ತೊಂಬತ್ತರ ಸುಮಾರಿಗೆ ಮನೆಮನೆಯವರೂ ಪೆಟ್ಟಿಗೆ ಪೆಟ್ಟಿಗೆ ಕೊಂಡು ಅಟ್ಟಕ್ಕೆ ಹಾಕಿದರು. ಕಂಪನಿಗಳು ಅಚ್ಚು ಹಾಕಿದ್ದೇ ಹಾಕಿದ್ದು. ಎಲ್ಲರೂ ಜೋಪಾನ ಮಾಡಿದ್ದರಿಂದ ಯಾವುದೂ ಅಪರೂಪವಾಗಲಿಲ್ಲ. ಆ ಕಾಲದ ಹೆಚ್ಚಿನ ಕಾರ್ಡುಗಳು ಇವತ್ತು ರದ್ದಿಯ ಬೆಲೆಗೆ ಸಿಗುತ್ತವೆ. ಬದುಕಿಕೊಂಡವು ಕೆಲವೇ. 1993ರ ‘ಎಸ್‌ಪಿ’ ಸರಣಿಯ ಡೆರೆಕ್ ಜೀಟರ್ ಕಾರ್ಡು ಅಂಥದ್ದು. ಮಿರುಗುವ ಹಾಳೆ ಹೊದಿಸಿದ ಅಂಚು, ಪೊಟ್ಟಣದಿಂದ ತೆಗೆಯುವಾಗಲೇ ಚಕ್ಕೆ ಏಳುತ್ತದೆ. ಒಂದು ಗೀರೂ ಇಲ್ಲದ್ದು ಸಿಗುವುದು ದುರ್ಲಭ. ಅಂಥದ್ದೊಂದು 2018ರಲ್ಲಿ ಸುಮಾರು ಒಂದು ಲಕ್ಷ ಡಾಲರಿಗೆ ಹರಾಜಾಯಿತು. ಚಕ್ಕೆ ಏಳದೆ ಉಳಿದದ್ದಕ್ಕೆ ಅಷ್ಟು ದುಡ್ಡು!

ಹಾಗೆ ಗೀರು ನೋಡಿ ಅಂಕ ಕೊಡುವುದಕ್ಕೇ ಅಲ್ಲಿ ಒಂದು ಸಂಸ್ಥೆ ಹುಟ್ಟಿತು, ಪಿಎಸ್‌ಎ, 1991ರಲ್ಲಿ. ಕಾರ್ಡನ್ನು ಭೂತಗನ್ನಡಿಯಡಿ ಇಟ್ಟು ನಾಲ್ಕು ಮೂಲೆ, ನಾಲ್ಕು ಅಂಚು, ಮೇಲ್ಮೈ, ಚಿತ್ರ ನಡುಮಧ್ಯೆ ಕೂತಿದೆಯೇ ಅನ್ನುವುದು, ಇಷ್ಟು ನೋಡಿ ಹತ್ತಕ್ಕೆ ಇಷ್ಟು ಅಂತ ಬರೆದು, ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಕೊಡುತ್ತಾರೆ. ಮತ್ತೆ ಯಾರೂ ಮುಟ್ಟುವ ಹಾಗಿಲ್ಲ. ಇದರಲ್ಲಿ ಒಂದು ಸೊಗಸಿದೆ, ಒಲ್ಲೆ ಅನ್ನಲಾರೆ. ಆದರೆ ಆ ಗಾಜಿನಂಥ ಡಬ್ಬಿಯನ್ನು ಕೈಯಲ್ಲಿ ಹಿಡಿದರೆ ಬರುವುದು ಒಡವೆ ಅಂಗಡಿಯ ಸುಖ. ಕಾರ್ಡಿನ ಸುಖ ಬೇರೆ. ಬಳಸಿ ಬಳಸಿ ಮೂಲೆ ದುಂಡಗಾಗಿರುತ್ತದೆ. ರಬ್ಬರ್ ಬ್ಯಾಂಡು ಕರಗಿ ಅಂಟಿದ ಕಂದು ಪಟ್ಟಿ ಬೆನ್ನಿನ ಅಡ್ಡಕ್ಕೆ ಇರುತ್ತದೆ. ಹೆಬ್ಬೆರಳು ಇಡುವ ಜಾಗದಲ್ಲಿ ಹೊಳಪು ಸವೆದು ಬೂದಿಬಣ್ಣ ಬಂದಿರುತ್ತದೆ, ಎಡಗೈಯವನ ಕಟ್ಟಾದರೆ ಆ ಸವೆತ ಇನ್ನೊಂದು ಮಗ್ಗುಲಿಗೆ. ಪಿಎಸ್‌ಎಯವರಿಗೆ ಕಳಿಸಿದರೆ ಒಂದು ಅಂಕವೂ ಬರಲಿಕ್ಕಿಲ್ಲ.

ನನಗೆ ರುಚಿ ಹತ್ತಿದ್ದು ಮೂಲೆಗಳಲ್ಲಿ ಅಲ್ಲ, ಅಂಕಿಗಳಲ್ಲಿ. ನಮ್ಮ ಪೇಟೆಗಳಿಗೆ ಬರುತ್ತಿದ್ದ ಅಗ್ಗದ ಕಟ್ಟುಗಳ ಮೇಲೆ ಅಚ್ಚಾದ ವರ್ಷ ಸಾಮಾನ್ಯವಾಗಿ ಇರುವುದಿಲ್ಲ. ಬಣ್ಣ ಒಂದರ ಮೇಲೊಂದು ಸರಿದು ಕೂತು, ತುಟಿಯ ಕೆಂಪು ಕೆನ್ನೆಗೆ ಇಳಿದಿರುತ್ತದೆ. ಹೆಸರಿನ ಕಾಗುಣಿತ ದೇವರಿಗೇ ಪ್ರೀತಿ. ಇಂಥ ಅನಾಥ ಕಟ್ಟಿನ ಜಾತಕ ಬರೆಯಬೇಕಾದರೆ ಅಂಕಿ ಹಿಡಿದೇ ಹೋಗಬೇಕು. ಶಾಸನದ ಲಿಪಿ ನೋಡಿ ಶತಮಾನ ಹೇಳುವವರಿಗೆ ಸಿಗುವ ಸಂತೋಷದ ಒಂದು ಚೂರು ಇದರಲ್ಲಿ ನನಗೂ ಸಿಕ್ಕಿದೆ.

ಒಂದು ಕಟ್ಟು ಬಿಚ್ಚೋಣ. ಶಿರಾದ ಗುಜರಿ ಅಂಗಡಿಯೊಂದರಲ್ಲಿ, ಹಳೇ ಪಠ್ಯಪುಸ್ತಕಗಳ ಮೂಟೆಯಲ್ಲಿ ಬಂದದ್ದು. ಮೊದಲು ಹ್ಯಾಡ್ಲಿ: ವಿಕೆಟ್ 431. ಹ್ಯಾಡ್ಲಿ ಆಡುವುದು ಬಿಟ್ಟದ್ದು 1990ರ ಜುಲೈನಲ್ಲಿ, ಪೂರ್ತಿ ಲೆಕ್ಕವೇ ಬಂದಿದೆ, ಅಂದರೆ ಕಟ್ಟು ಅದರ ಆಚೆಗಿನದು. ಗೂಚ್: ಹೈಯೆಸ್ಟ್ 333. ಲಾರ್ಡ್ಸಿನಲ್ಲಿ ನಮ್ಮವರನ್ನೇ ಚಚ್ಚಿದ್ದು, ಅದೂ ಆ ಜುಲೈಯೇ. ಮಾರ್ಟಿನ್ ಕ್ರೋ: 299. ವೆಲಿಂಗ್ಟನ್, 1991ರ ಫೆಬ್ರವರಿ, ಮುನ್ನೂರಕ್ಕೆ ಒಂದು ಕಡಿಮೆ ಇರುವಾಗ ಔಟು. ಹಾಗಾದರೆ ಇನ್ನೂ ಏಳು ತಿಂಗಳು ಈಚೆಗೆ ಬಂದೆವು. ಈಗ ಆ ಕಡೆಯಿಂದ ಬೇಲಿ ಹಾಕಬೇಕು. ಕಪಿಲ್: ವಿಕೆಟ್ ಇನ್ನೂ ನಾನೂರರ ಒಳಗಿದೆ. ಕಪಿಲ್ ನಾನೂರು ಮುಟ್ಟಿದ್ದು 1992ರ ಫೆಬ್ರವರಿಯಲ್ಲಿ, ಪರ್ತ್‌ನಲ್ಲಿ. ರವಿ ಶಾಸ್ತ್ರಿ: 187. ಓವಲ್‌ನ 187 ಹೋಗಿ ಸಿಡ್ನಿಯ 206 ಬರುವುದು 1992ರ ಜನವರಿ ಮೊದಲ ವಾರ. ಕೊನೆಗೆ ಸಚಿನ್: ಹೈಯೆಸ್ಟ್ 119, ಸೆಂಚುರಿ 1.

ಆ 119 ಬಂದದ್ದು 1990ರ ಆಗಸ್ಟ್ 14ರಂದು ಮ್ಯಾಂಚೆಸ್ಟರಿನಲ್ಲಿ, ಔಟಾಗದೆ, ಕೈತಪ್ಪಿಹೋಗುತ್ತಿದ್ದ ಟೆಸ್ಟನ್ನು ಉಳಿಸಿಕೊಟ್ಟದ್ದು. ಶಾಸ್ತ್ರಿಯ 206 ಬಂದ ಅದೇ ಸಿಡ್ನಿ ಟೆಸ್ಟಿನಲ್ಲಿ ಅವನದು 148 ಆಯಿತು. ಹೀಗಾಗಿ ಈ ಕಟ್ಟಿನ ಅಂಕಿಗಳು 1991ರ ಫೆಬ್ರವರಿಗೂ 1992ರ ಜನವರಿಗೂ ನಡುವಿನವು. ಸಚಿನ್ನನ ಹೈಯೆಸ್ಟು ಅನ್ನುವುದೇ ಒಂದು ಕ್ಯಾಲೆಂಡರು: 119, ಆಮೇಲೆ 148, 1993ರ ಫೆಬ್ರವರಿಯಲ್ಲಿ ಮದ್ರಾಸಿನ 165, 1994ರ ಡಿಸೆಂಬರಿನಲ್ಲಿ ನಾಗಪುರದ 179. ಅಜರುದ್ದೀನ್ ಮಾತ್ರ ಈ ಕೆಲಸಕ್ಕೆ ಏನೂ ಪ್ರಯೋಜನವಿಲ್ಲದವರು. 1986ರಲ್ಲಿ ಕಾನ್ಪುರದಲ್ಲಿ 199 ಹೊಡೆದು ನಿಂತವರು ಕೊನೆಯವರೆಗೂ 199ರಲ್ಲೇ ಉಳಿದರು. ಯಾವ ಕಾಲದ ಕಟ್ಟು ತೆರೆದರೂ ಅದೇ 199, ಇನ್ನೊಂದು ರನ್ನಿಗೆ ಕಾಯುತ್ತಾ. ಸೋಬರ್ಸ್ ಇರುವ ಕಟ್ಟಾದರೆ ನೋಡಬೇಕಾದ್ದು 365 ಇನ್ನೂ ನೆತ್ತಿಯ ಮೇಲಿದೆಯೇ ಅಂತ. 1994ರ ಏಪ್ರಿಲ್ 18ಕ್ಕೆ ಲಾರಾ 375 ಮಾಡಿದ ಮೇಲೆ ಸೋಬರ್ಸ್ ಹಿಡಿದವನ ಧೈರ್ಯ ಉಡುಗಿತು. ಹ್ಯಾಡ್ಲಿಯ 431ಕ್ಕೆ ಅದೇ ವರ್ಷ ಫೆಬ್ರವರಿಯಲ್ಲಿ ಅಹಮದಾಬಾದಿನಲ್ಲಿ ಕಪಿಲ್ ಕಲ್ಲು ಹಾಕಿದ್ದರು. ಬಾರ್ಡರ್ ರನ್ನಿನಲ್ಲಿ ಗವಾಸ್ಕರರನ್ನು ದಾಟಿದ್ದು ಅದಕ್ಕೂ ಒಂದು ವರ್ಷ ಮುಂಚೆ. ಹದಿನಾಲ್ಕು ತಿಂಗಳೊಳಗೆ ರನ್ನು, ವಿಕೆಟ್ಟು, ಹೈಯೆಸ್ಟು ಮೂರರ ಸಿಂಹಾಸನಗಳೂ ಅಲುಗಾಡಿದವು. ಹಳೇ ಕಟ್ಟು ಇಟ್ಟುಕೊಂಡವನಿಗೂ ಹೊಸ ಕಟ್ಟು ತಂದವನಿಗೂ ಜಗಳ ಶುರುವಾದದ್ದು ಆಗಲೇ. ‘ಪೇಪರ್‌ನಲ್ಲಿ ಬಂದಿದೆ’ ಅಂತ ಇವನು, ‘ಕಾರ್ಡಲ್ಲಿ ಏನಿದೆಯೋ ಅದೇ’ ಅಂತ ಅವನು. ಎರಡನೆಯವನದೇ ನ್ಯಾಯ ಅಂತ ನನ್ನ ತೀರ್ಪು, ಇವತ್ತಿಗೂ.

ಎಚ್ಚರಿಕೆಯ ಮಾತೊಂದಿದೆ. ಮುದ್ರಕ ಒಮ್ಮೆ ಮಾಡಿಟ್ಟ ಪ್ಲೇಟನ್ನೇ ವರ್ಷಗಟ್ಟಲೆ ಓಡಿಸಬಹುದು. ಅಂಕಿ ಹೇಳುವುದು ಪ್ಲೇಟು ತಯಾರಾದ ಕಾಲವನ್ನು, ಕಾಗದ ಅಚ್ಚಾದ ಕಾಲವನ್ನಲ್ಲ. 119 ಅಂತ ಇದ್ದೂ, ಪಕ್ಕದ ಚಿತ್ರದಲ್ಲಿ ಆಟಗಾರ 1992ರ ವಿಶ್ವಕಪ್ಪಿನ ಕಡುನೀಲಿ ಬಟ್ಟೆ ತೊಟ್ಟಿದ್ದರೆ ಅನುಮಾನ ಪಡಬೇಕು. ಬಣ್ಣದ ಬಟ್ಟೆಯ ಮೊದಲ ವಿಶ್ವಕಪ್ ಅದು. ಟೆಸ್ಟಿನ ಲೆಕ್ಕ, ಒಂದು ದಿನದ ಉಡುಪು! ಒಂದು ದಿನದ ಪಂದ್ಯಗಳದೇ ಕಟ್ಟುಗಳೂ ಇದ್ದವು. ಅವುಗಳಲ್ಲಿ ರಿಚರ್ಡ್ಸನ 189, ಕಪಿಲ್‌ನ 175 ಬಂದರೆ ಹಬ್ಬ. ಸಚಿನ್‌ನ ಸೆಂಚುರಿ ಸಾಲಿನಲ್ಲಿ 1994ರ ಸೆಪ್ಟೆಂಬರಿನವರೆಗೂ ಸೊನ್ನೆ. ಕೊನೆಗೆ ನಲವತ್ತೊಂಬತ್ತು ಮಾಡಿದವನು ಮೊದಲ ಒಂದಕ್ಕೆ ಎಪ್ಪತ್ತೊಂಬತ್ತು ಪಂದ್ಯ ತೆಗೆದುಕೊಂಡ. ಆ ಸೊನ್ನೆ ಇರುವ ಕಾರ್ಡನ್ನು ಕಣ್ಣ ಮುಂದೆ ಇಟ್ಟುಕೊಂಡು ಕೂತರೆ ನನಗೆ ಹೊತ್ತು ಹೋಗುವುದು ತಿಳಿಯುವುದಿಲ್ಲ. ಮುಂದೇನಾಯಿತು ಅಂತ ನನಗೆ ಗೊತ್ತು, ಕಾರ್ಡಿಗೆ ಗೊತ್ತಿಲ್ಲ. ಶೇನ್ ವಾರ್ನ್ ಅದೇ ಸಿಡ್ನಿಯಲ್ಲಿ ಮೊದಲು ಆಡಿ, 150 ರನ್ ಕೊಟ್ಟು ಪಡೆದದ್ದು ಒಂದೇ ವಿಕೆಟ್ಟು, ಅದೂ ಇನ್ನೂರು ದಾಟಿದ್ದ ಶಾಸ್ತ್ರಿಯದು. ‘ವಿಕೆಟ್ 1’ ಅಂತ ಗವಾಸ್ಕರ್ ಪಕ್ಕ ನಿಲ್ಲುವ ವಾರ್ನ್! ಗವಾಸ್ಕರ್‌ಗೂ ವಾರ್ನ್‌ಗೂ ಒಂದು ಕೈ ಸಮಸಮ ಆಗುವ ಕಟ್ಟನ್ನು ಯಾರಾದರೂ ಅಚ್ಚು ಹಾಕಿದ್ದರೆ ಅದಕ್ಕೆ ನಾನು ಏನು ಬೇಕಾದರೂ ಕೊಟ್ಟೇನು.

ಕನ್ನಡ ನಾಡಿನ ಹುಡುಗರಿಗೆ ಹೊಸಬ ಅಂದರೆ ಬೇರೆ ಇಬ್ಬರು. ಸಚಿನ್ ಮೊದಲ ಸೆಂಚುರಿ ಹೊಡೆದ ಮ್ಯಾಂಚೆಸ್ಟರಿನ ಆ ಟೆಸ್ಟಿನಲ್ಲೇ ಅನಿಲ್ ಕುಂಬ್ಳೆ ಮೊದಲ ಸಲ ಇಳಿದದ್ದು, ಕನ್ನಡಕ ಹಾಕಿಕೊಂಡು. ಕಾಸರಗೋಡಿನ ಕುಂಬಳೆಯ ಹೆಸರು ಹೊತ್ತ ಬೆಂಗಳೂರು ಹುಡುಗ, ಎಂಜಿನಿಯರಿಂಗ್ ವಿದ್ಯಾರ್ಥಿ. ಮೂರು ವಿಕೆಟ್ ತೆಗೆದ. ಆಮೇಲೆ ಎರಡು ವರ್ಷಕ್ಕೂ ಹೆಚ್ಚು ಕಾಲ ಟೆಸ್ಟಿಗೆ ಕರೆಯೇ ಬರಲಿಲ್ಲ. ಹಾಗಾಗಿ 1990ರ ಆಗಸ್ಟಿನಿಂದ 1992ರ ಅಕ್ಟೋಬರಿನವರೆಗೆ ಕುಂಬ್ಳೆಯ ಲೆಕ್ಕ ಹೆಪ್ಪುಗಟ್ಟಿ ನಿಂತಿತ್ತು: ಟೆಸ್ಟ್ 1, ವಿಕೆಟ್ 3. ಅವನನ್ನು ಕಾರ್ಡಿಗೆ ಹಾಕುವ ದರ್ದು ಯಾವ ಮುದ್ರಕನಿಗೂ ಇರಲಿಲ್ಲ ಅಂತ ಕಾಣುತ್ತದೆ. ನನ್ನ ಕೈಗೆ ಬಂದ ಆ ಕಾಲದ ಕಟ್ಟುಗಳಲ್ಲಿ ಕುಂಬ್ಳೆ ಇಲ್ಲ. 1991ರ ಕೊನೆಗೆ ಬ್ರಿಸ್ಬೇನಿನಲ್ಲಿ ಇಳಿದ ಮೈಸೂರಿನ ಶ್ರೀನಾಥ್ ಕೂಡ ಇಲ್ಲ.

ಇಲ್ಲದಿದ್ದರೇನು, ಹುಡುಗರು ತಾವೇ ಮಾಡಿಕೊಂಡರು. ನನ್ನ ಸಂಗ್ರಹದಲ್ಲಿ ನಾನು ಎಲ್ಲಕ್ಕಿಂತ ಮೇಲಿಡುವುದು ಕೊರಟಗೆರೆ ಕಡೆಯ ಒಂದು ಹಳ್ಳಿಮನೆಯ ಟ್ರಂಕಿನಿಂದ ಬಂದ ಕೈಬರಹದ ಕುಂಬ್ಳೆ ಕಾರ್ಡು. ಲಗ್ನಪತ್ರಿಕೆಯ ದಪ್ಪ ಕಾಗದವನ್ನು ಬೇರೆ ಕಾರ್ಡಿನ ಅಳತೆಗೆ ಕತ್ತರಿಸಿದ್ದಾರೆ. ಕತ್ತರಿಗಿಂತ ಬ್ಲೇಡು ಉತ್ತಮ ಅನ್ನುವ ತಿಳಿವಳಿಕೆ ಇದ್ದ ಹುಡುಗ, ಮೂರು ಅಂಚು ನೇರವಾಗಿವೆ, ನಾಲ್ಕನೆಯದು ಸ್ಕೇಲು ಜಾರಿ ಸೊಟ್ಟ. ಒಂದು ಮೂಲೆಯಲ್ಲಿ ಅರಿಶಿನದ ಹಳದಿ ಹಾಗೇ ಇದೆ. ಪತ್ರಿಕೆಯಿಂದ ಕತ್ತರಿಸಿದ ಕಪ್ಪುಬಿಳುಪು ಫೋಟೋವನ್ನು ಅನ್ನದ ಅಗುಳಿನಲ್ಲಿ ಅಂಟಿಸಿರಬೇಕು, ಅಡಿಯಲ್ಲಿ ಒಂದು ಉಬ್ಬು ಬೆರಳಿಗೆ ಸಿಗುತ್ತದೆ. ಕುಂಬ್ಳೆಗೆ ಕನ್ನಡಕ ಚಿತ್ರದಲ್ಲಿ ಸರಿಯಾಗಿ ಕಾಣುತ್ತಿರಲಿಲ್ಲವೇನೋ, ನೀಲಿ ಪೆನ್ನಿನಲ್ಲಿ ಎರಡು ಸೊನ್ನೆ ಬರೆದು ಒಂದು ಗೆರೆ ಎಳೆದಿದ್ದಾನೆ. ಸಾಲುಗಳೆಲ್ಲ ಇಂಗ್ಲಿಷಿನಲ್ಲಿ, ಹೆಸರು ಮಾತ್ರ ಕನ್ನಡದಲ್ಲಿ.

ಅದರ ಬೆಸ್ಟ್ ಬೌಲಿಂಗ್ ಸಾಲು ನೋಡಬೇಕು. 6–12. ಟೆಸ್ಟಿನ ಕಟ್ಟಿಗೆ ಸೇರಿಸಲೆಂದು ಮಾಡಿದ ಕಾರ್ಡು ಅದು, ಮಿಕ್ಕ ಸಾಲುಗಳೆಲ್ಲ ಟೆಸ್ಟಿನವೇ. 6–12 ಬಂದದ್ದು ಒಂದು ದಿನದ ಪಂದ್ಯದಲ್ಲಿ. 1993ರ ನವೆಂಬರ್ 27, ಕಲ್ಕತ್ತಾದ ಈಡನ್ ಗಾರ್ಡನ್ಸ್, ಹೀರೋ ಕಪ್ ಫೈನಲ್ಲು, ವೆಸ್ಟ್ ಇಂಡೀಸ್ ಧೂಳೀಪಟ. ಹುಡುಗನಿಗೆ ವ್ಯತ್ಯಾಸ ಗೊತ್ತಿರಲಿಲ್ಲ ಅಂತ ನಾನು ನಂಬುವುದಿಲ್ಲ. ಚೆನ್ನಾಗಿ ಗೊತ್ತಿತ್ತು. ಆ ಆರು ವಿಕೆಟ್ಟನ್ನು ಬರೆಯದೆ ಇರಲು ಕೈ ಬಂದಿಲ್ಲ, ಅಷ್ಟೇ. ಹಾಗೆ ಬರೆದೂ ಲಾಭವಾಗಿಲ್ಲ ಅನ್ನುವುದೇ ಚೆಂದ. ಹ್ಯಾಡ್ಲಿಯ 9–52, ಕಪಿಲ್‌ನ 9–83ರ ಮುಂದೆ ಆರು ಸೋಲುವ ಅಂಕಿಯೇ. ಅವನು ಆಟದಲ್ಲಿ ಗೆಲ್ಲಲು ಮೋಸ ಮಾಡಿದ್ದಲ್ಲ. ಕುಂಬ್ಳೆ ಕಟ್ಟಿನಲ್ಲಿ ಇರಬೇಕು, ಇದ್ದಾಗ ಮರ್ಯಾದೆಯಾಗಿ ಇರಬೇಕು, ಅಷ್ಟು. 1999ರ ಫೆಬ್ರವರಿಯಲ್ಲಿ ದಿಲ್ಲಿಯಲ್ಲಿ 10–74 ಬಂದಾಗ ಆ ಹುಡುಗ ಎಲ್ಲಿದ್ದನೋ, ಈ ಕಾರ್ಡು ನೆನಪಾಯಿತೋ ಇಲ್ಲವೋ. ಕಾರ್ಡಿನಲ್ಲಂತೂ ತಿದ್ದಿಲ್ಲ.

ಬೆನ್ನು ತಿರುಗಿಸಿದರೆ ಯಾರದೋ ಮದುವೆಯ ಕಾಲುಭಾಗ ಉಳಿದಿದೆ. ‘…ಶುಭ ಲಗ್ನದಲ್ಲಿ ನಡೆಯು…’ ಅಂತ ಒಂದು ಸಾಲು, ಅದರಡಿ ಅರ್ಧ ಬಾಳೆಕಂಬ. ಇದೇ ದೊಡ್ಡ ತೊಡಕು. ಟ್ರಂಪ್ ಕಾರ್ಡಿಗೆ ಎಲ್ಲ ಬೆನ್ನೂ ಒಂದೇ ಥರ ಇರಬೇಕು. ಈ ಕಾರ್ಡು ಎದುರಿನವನ ಕಟ್ಟಿನ ಮೇಲೆ ಬಂದಾಗೆಲ್ಲ ಬಾಳೆಕಂಬ ನೋಡಿಯೇ ಕುಂಬ್ಳೆ ಅಂತ ತಿಳಿದು, ಇವನು ‘ರನ್ಸ್’ ಕೇಳಿ ಗೆಲ್ಲುತ್ತಿದ್ದಿರಬೇಕು. ಬೆನ್ನು ನೋಡಿ ಆಡುವುದು ಅಧರ್ಮ ಅಂತ ಕೂಗಾಟ ನಡೆದಿರಬೇಕು. ಮೂಲೆಗಳು ಅಷ್ಟು ಸವೆದಿವೆ ಅಂದರೆ ಕಾರ್ಡು ಆಟದಲ್ಲಿ ಬಹಳ ಓಡಾಡಿದೆ.

ಕಾರ್ಡುಗಳು ಬರುತ್ತಿದ್ದ ದಾರಿಗಳೂ ಸ್ವಾರಸ್ಯದವು. ಬಸ್ ಸ್ಟ್ಯಾಂಡಿನ ಪೆಟ್ಟಿಗೆ ಅಂಗಡಿ ಸರಿಯೇ ಸರಿ. ಹಬ್ಬದಂಥ ಸುಗ್ಗಿ ಜಾತ್ರೆಗಳದು. ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆ, ಗೊರವನಹಳ್ಳಿಯ ಲಕ್ಷ್ಮಿಗೆ ಹೋಗುವ ಜನ, ಪಾವಗಡದ ಶನಿಮಹಾತ್ಮನ ಗುಡಿ ಮುಂದಿನ ಸಾಲು ಅಂಗಡಿಗಳು. ಎಳ್ಳೆಣ್ಣೆ ದೀಪದ ಅಂಗಡಿ ಪಕ್ಕ ಪ್ಲಾಸ್ಟಿಕ್ ಬಂದೂಕು, ಅದರ ಪಕ್ಕ ಕಾರ್ಡು. ಪಾವಗಡಕ್ಕೆ ಒಂದು ವಿಶೇಷ ಇತ್ತು. ಬಹುಪಾಲು ಆಂಧ್ರದ ನೆಲ ಸುತ್ತುವರಿದ ತಾಲ್ಲೂಕು, ನಮ್ಮ ಬಸ್ಸೇ ಆ ರಾಜ್ಯ ಹಾದು ಹೋಗಬೇಕು. ಅಲ್ಲಿ ಸಿನಿಮಾ ನಟರ ಫೋಟೋಗಳಲ್ಲಿ ರಾಜಕುಮಾರ್, ಶಂಕರನಾಗ್ ಜೊತೆ ಚಿರಂಜೀವಿಯೂ ಬಾಲಕೃಷ್ಣನೂ ಸಮಾನವಾಗಿ ಚಲಾವಣೆ. ಕ್ರಿಕೆಟ್ಟಿನಲ್ಲೂ ಹೈದರಾಬಾದಿನ ಅಜರ್‌ಗೆ ಅಲ್ಲಿ ಒಂದು ಕೈ ಹೆಚ್ಚಿನ ಬೆಲೆ. ರಜೆಗೆ ಪಾವಗಡದ ನೆಂಟರ ಮನೆಗೆ ಹೋಗುವವನು ಇಲ್ಲಿಂದ ಅಜರ್ ಡಬಲ್ ಒಯ್ದು, ಅಲ್ಲಿ ಎರಡೆರಡು ಕಾರ್ಡು ಬದಲಾಯಿಸಿಕೊಂಡು ಬರುವುದು ವ್ಯಾಪಾರದ ಮೊದಲ ಪಾಠ. ಪಾಠದ ಎರಡನೇ ಭಾಗ ಅಲ್ಲಿನ ಹುಡುಗರು ಕಲಿಸುತ್ತಿದ್ದರು, ತಮ್ಮಲ್ಲಿ ಮಾತಾಡಿಕೊಳ್ಳುವಾಗ ತೆಲುಗಿಗೆ ಹೊರಳಿ.

ಡಬ್ಲ್ಯೂಡಬ್ಲ್ಯೂಎಫ್ ಕುಸ್ತಿ ಕಾರ್ಡಿನ ಬಗ್ಗೆ ಹೆಚ್ಚು ಬರೆಯಲು ನನಗೆ ಮನಸ್ಸಿಲ್ಲ. ಕೇಬಲ್ ಟೀವಿಯ ಬೆನ್ನಿಗೇ ಬಂದು ಎರಡು ಬೇಸಿಗೆಯಲ್ಲಿ ಕ್ರಿಕೆಟ್ಟನ್ನು ಪಡಸಾಲೆಯಿಂದ ಆಚೆ ಹಾಕಿದವು. ಹೈಟು, ವೆಯ್ಟು, ಚೆಸ್ಟು, ಬೈಸೆಪ್ಸು, ರ‍್ಯಾಂಕು. ಆಂಡ್ರೆ ದಿ ಜಯಂಟ್‌ನ ಎತ್ತರ, ಯೊಕೊಜುನಾನ ತೂಕ, ಹಲ್ಕ್ ಹೋಗನ್‌ನ ಒಂದನೇ ರ‍್ಯಾಂಕು. ಮಜಾ ಇರಲಿಲ್ಲ ಅಂತಲ್ಲ. ಆದರೆ ಎತ್ತರಕ್ಕೆ ಏನು ಚರಿತ್ರೆ? ಆಂಡ್ರೆ ಮೊದಲ ದಿನವೂ ಅಷ್ಟೇ ಎತ್ತರ, ಕೊನೆಯ ದಿನವೂ ಅಷ್ಟೇ. ಅವನಿಗೆ ರೂಕಿ ಕಾರ್ಡು ಇರಲು ಸಾಧ್ಯವೇ ಇಲ್ಲ. ಕ್ರಿಕೆಟಿಗನ ಅಂಕಿ ಹಾಗಲ್ಲ, ಅದು ಮಳೆಗಾಲದ ಜಯಮಂಗಲಿ ಹೊಳೆ, ವಾರ ಬಿಟ್ಟು ನೋಡಿದರೆ ಬೇರೆ ಮಟ್ಟ. ಯಾವ ವಾರದ ಮಟ್ಟ ಕಾರ್ಡಿನ ಮೇಲೆ ಗೆರೆಯಾಗಿ ಉಳಿದಿದೆ ಅನ್ನುವುದೇ ನೋಡುವವನ ಪಾಲಿನ ಸುಖ.

ಬೆಲೆ ಎಷ್ಟು ಅಂತ ಕೇಳುವವರಿದ್ದಾರೆ. ತೊಂಬತ್ತರ ದಶಕದ ನೆನಪು ಮಾರುವ ವ್ಯಾಪಾರ ಈಗ ಜೋರಾಗಿದೆ. ಹಳೇ ಟ್ರಂಪ್ ಕಾರ್ಡುಗಳ ಹೊಸ ಅಚ್ಚುಗಳೂ ಬಂದಿವೆ, ಅಂಚು ಗರಿಗರಿ, ಬಣ್ಣ ಎಲ್ಲೂ ಸರಿದಿಲ್ಲ. ಕೊಳ್ಳುವವರು ಕೊಳ್ಳಲಿ. ನಾನು ಬೆಲೆ ಕಟ್ಟುವುದು ಹೀಗೆ. ಪೂರ್ತಿ ಕಟ್ಟಿಗಿಂತ ಒಂದೆರಡು ಕಾರ್ಡು ಕಳೆದುಹೋದ ಕಟ್ಟು ಮೇಲು, ಏಕೆಂದರೆ ಅದು ಆಡಿದ ಕಟ್ಟು. ದೊಡ್ಡ ಅಂಕಿಯ ಕಾರ್ಡಿಗಿಂತ ಸಣ್ಣ ಅಂಕಿಯದು ಮೇಲು. ಬಾರ್ಡರ್‌ನ 11,174ಕ್ಕೆ ನನ್ನ ಎದೆ ಹಾರುವುದಿಲ್ಲ, ಅದು ಮುಗಿದ ಲೆಕ್ಕ. ಅಚ್ಚಿನ ಕಾರ್ಡಿಗಿಂತ ಕೈಯಲ್ಲಿ ಮಾಡಿದ್ದು ಮೇಲು. ಕೈಯಲ್ಲಿ ಮಾಡಿದ್ದರಲ್ಲಿ, ಲೆಕ್ಕ ತಪ್ಪಾಗಿರುವುದು ಎಲ್ಲಕ್ಕಿಂತ ಮೇಲು. ಹರಾಜಿನವರು ಇದನ್ನು ಒಪ್ಪುವುದಿಲ್ಲ. ನಾಣ್ಯದವರು, ಅಂಚೆಚೀಟಿಯವರು ಮಾತ್ರ ಕೊನೆಯ ಮಾತಿಗೆ ತಲೆಯಾಡಿಸುತ್ತಾರೆ, ಅವರಲ್ಲೂ ತಪ್ಪು ಅಚ್ಚಿಗೇ ಗಿರಾಕಿ.

ಇನ್ನೂ ಹುಡುಕುತ್ತಿರುವುದು ಒಂದಿದೆ. ಸಚಿನ್‌ನ ಹೈಯೆಸ್ಟ್ 119 ಆಗುವ ಮುಂಚೆ ಏನಿತ್ತು? 88. ನ್ಯೂಜಿಲೆಂಡಿನ ನೇಪಿಯರ್‌ನಲ್ಲಿ, 1990ರ ಫೆಬ್ರವರಿಯಲ್ಲಿ, ಇನ್ನು ಹನ್ನೆರಡು ಹೊಡೆದಿದ್ದರೆ ಟೆಸ್ಟಿನಲ್ಲಿ ಸೆಂಚುರಿ ಬಾರಿಸಿದ ಅತಿ ಚಿಕ್ಕವನಾಗುತ್ತಿದ್ದ. ಆ 88 ಅವನ ತಲೆಯ ಮೇಲಿದ್ದದ್ದು ಬರೀ ಆರು ತಿಂಗಳು. ಆ ಆರು ತಿಂಗಳಲ್ಲಿ ಯಾವನಾದರೂ ಮುದ್ರಕ ಆತುರಪಟ್ಟು, ಹೊಸ ಹುಡುಗ ಇರಲಿ ಅಂತ ಕಟ್ಟಿಗೆ ಸೇರಿಸಿರಬಹುದು: ಹೈಯೆಸ್ಟ್ 88, ಸೆಂಚುರಿ 0. ನಾಲ್ಕು ತಾಲ್ಲೂಕಿನ ಅಟ್ಟ, ಟ್ರಂಕು, ಗುಜರಿ ಮೂಟೆಗಳಲ್ಲಿ ನನಗಂತೂ ಇನ್ನೂ ಸಿಕ್ಕಿಲ್ಲ. ನಿಮ್ಮ ಮನೆಯ ಹಳೇ ಜಾಮೆಟ್ರಿ ಬಾಕ್ಸಿನಲ್ಲಿ ಇದ್ದರೆ ಹೇಳಿ. ದುಡ್ಡಿನ ಮಾತು ಬೇಡ, ಬದಲಾಯಿಸಿಕೊಳ್ಳೋಣ. ನನ್ನ ಹತ್ತಿರ ಹಲ್ಕ್ ಹೋಗನ್ ಡಬಲ್ ಇದ್ದಾನೆ.